ಚೈತಾಲಿ ಮಾಡಿಸಿದ್ರಾ?

“ನನ್ನ ಮಗಳ ಹೆಸರು ಹೇಳದೆ ಈ ಕರಾವಳಿಯಲ್ಲಿ ಒಂದು ಬಂಗುಡೆ ಮೀನೂ ವಿಮಾನ ಹತ್ತುವುದಿಲ್ಲ. ಪ್ಯಾಕಿಂಗ್ ಅನ್ನುವ ಶಬ್ದವನ್ನೇ ಜನ ಮರೆತುಬಿಟ್ಟಿದ್ದಾರೆ ಮಾರಾಯ್ರೆ. ಈಗ ಎಲ್ಲರ ಬಾಯಲ್ಲೂ ಒಂದೇ, ‘ಚೈತಾಲಿ ಮಾಡಿ ಕೊಡಿ’!”

ಹೀಗೆಂದು ಮೈಕಿನ ಮುಂದೆ ಘೋಷಿಸಿದವರು ಕಾಪು ಪೇಟೆಯ ಪ್ರಫುಲ್ಲಕ್ಕ. ಗಲ್ಫಿಗೆ ಹೊರಟವರ ಮೀನು, ಉಪ್ಪಿನಕಾಯಿ, ಹಪ್ಪಳಗಳನ್ನು ವಿಮಾನಕ್ಕೆ ತಕ್ಕಂತೆ ಕಟ್ಟಿಕೊಡುವ ಅವರ ‘ಚೈತಾಲಿ’ ಅಂಗಡಿಗೆ ಅಂದು ಇಪ್ಪತ್ತು ವರ್ಷ ತುಂಬಿತ್ತು. ಊರಿನ ಒಂದು ಯೂಟ್ಯೂಬ್ ಚಾನೆಲಿನವರು ಸಂದರ್ಶನಕ್ಕೆ ಬಂದಿದ್ದರು. ಪ್ರಫುಲ್ಲಕ್ಕನ ತಲೆಯಲ್ಲಿ ಒಂದಿಡೀ ಚೆಂಡು ಶಂಕರಪುರ ಮಲ್ಲಿಗೆ, ಗಂಟಲಲ್ಲಿ ಅದಕ್ಕಿಂತ ದೊಡ್ಡ ಹುರುಪು. ಆ ಧ್ವನಿಗೆ ದೀಪಸ್ತಂಭದ ನೆತ್ತಿಯ ಮೇಲಿದ್ದ ಕಾಗೆಗಳು ಎದ್ದು ಮಲ್ಪೆಯವರೆಗೆ ಹಾರಿ, ಅಲ್ಲಿ ಸುದ್ದಿ ಮುಟ್ಟಿಸಿ, ಸಂಜೆಯೊಳಗೆ ವಾಪಸು ಬಂದವೆಂದು ನೋಡಿದವರು ಹೇಳುತ್ತಾರೆ. ನೋಡದವರು ಇನ್ನೂ ಹೆಚ್ಚು ಹೇಳುತ್ತಾರೆ.

ಈ ಒಂದು ಮಾತು ಮುಂದೆ ಎರಡು ವರ್ಷ ತಮ್ಮ ನಿದ್ದೆ ಕೆಡಿಸಲಿದೆ ಎಂದು ಪ್ರಫುಲ್ಲಕ್ಕನಿಗೆ ಆವತ್ತು ಗೊತ್ತಿರಲಿಲ್ಲ. ಕಾಗೆಗಳಿಗೂ ಗೊತ್ತಿರಲಿಲ್ಲ.

ಅಂಗಡಿಯ ಕಥೆ ಶುರುವಾದದ್ದು ಒಂದು ಬಿಳಿ ಅಂಗಿಯಿಂದ. ಗಂಡ ಅಣ್ಣು ಆಗ ಬಹರೈನಿನಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದರು. ಊರಿನಿಂದ ಹೊರಟ ಒಬ್ಬರ ಕೈಯಲ್ಲಿ ಪ್ರಫುಲ್ಲಕ್ಕ ಮೀನಿನ ಉಪ್ಪಿನಕಾಯಿ ಕಳಿಸಿದರು. ಮೂರು ಪ್ಲಾಸ್ಟಿಕ್ ಚೀಲ, ಮೇಲೊಂದು ಟವೆಲು. ಅರಬ್ಬೀ ಸಮುದ್ರದ ನಟ್ಟನಡುವೆ, ಮೋಡಗಳ ಮೇಲೆ, ಉಪ್ಪಿನಕಾಯಿಗೆ ಊರಿನ ನೆನಪಾಯಿತೋ ಏನೋ, ಎದ್ದು ಹೊರಗೆ ಹರಿಯಿತು. ಒಯ್ದವನು ಹೊಸ ಕೆಲಸದ ಮೊದಲ ದಿನಕ್ಕೆಂದು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ ಬಿಳಿ ಅಂಗಿ ಬ್ಯಾಡಗಿ ಮೆಣಸಿನ ಬಣ್ಣಕ್ಕೆ ತಿರುಗಿತು. ಅಣ್ಣು ಫೋನು ಮಾಡಿದರು. “ಇನ್ನು ಮೇಲೆ ಎಂತದೂ ಕಳಿಸಬೇಡ. ನನಗೆ ಇಲ್ಲಿ ಮುಖ ಎತ್ತಿ ನಡೆಯಲಿಕ್ಕಿಲ್ಲ.”

ಬೇಡ ಎಂದದ್ದನ್ನು ಮಾಡದೆ ಬಿಡುವ ಜಾತಿಯವರಲ್ಲ ಪ್ರಫುಲ್ಲಕ್ಕ. ಅವರ ತವರು ಶಂಕರಪುರ. ಅಲ್ಲಿ ಹುಡುಗಿಯರು ನಡೆಯಲು ಕಲಿಯುವ ಮೊದಲೇ ಮಲ್ಲಿಗೆ ಕಟ್ಟಲು ಕಲಿಯುತ್ತಾರೆ. ಬಾಳೆನಾರಿನ ಒಂದು ಸುತ್ತು, ಒಂದು ಎಳೆತ. ಹೂವಿಗೆ ನೋವಾಗಬಾರದು, ಗಂಟು ಜಾರಬಾರದು. ಆ ಬೆರಳುಗಳು ಈಗ ಮೀನಿನ ಮೇಲೆ ಕೆಲಸ ಮಾಡತೊಡಗಿದವು. ಮೊದಲು ಕೆಂಡದ ಮೇಲೆ ಬಾಡಿಸಿದ ಬಾಳೆಲೆ. ಅದರ ಮೇಲೆ ಗಂಜಿನೀರಿನಲ್ಲಿ ಅದ್ದಿ ಒಣಗಿಸಿದ ಹತ್ತಿಬಟ್ಟೆ. ಆಮೇಲೆ ನೀರಿನಲ್ಲಿ ನೆನೆಸಿದ ಅಡಿಕೆ ಹಾಳೆ. ಹಸಿ ಇರುವಾಗ ಹೇಳಿದ ಹಾಗೆ ಬಗ್ಗುತ್ತದೆ, ಒಣಗಿದ ಮೇಲೆ ಪೆಟ್ಟಿಗೆಯಷ್ಟು ಗಟ್ಟಿ. ಅದರ ಸುತ್ತ ಬಾಳೆನಾರು, ಮಲ್ಲಿಗೆಯ ಗಂಟು. ಕೊನೆಗೆ ಪ್ಲಾಸ್ಟಿಕ್ಕು, ಟೇಪು. ಸಾಲು ಪೆಟ್ಟಿಗೆಗಳ ನಡುವೆ ಅಣ್ಣುವಿಗೆ ತನ್ನದು ಯಾವುದೆಂದು ತಿಳಿಯಲಿ ಎಂದು ಒಂದು ಚೀಟಿಯಲ್ಲಿ ನಾಲ್ಕು ವರ್ಷದ ಮಗಳ ಹೆಸರು ಬರೆದು ಅಂಟಿಸಿದರು: ಚೈತಾಲಿ.

ಆ ಕಟ್ಟು ಕಾಪುವಿನಿಂದ ಹೇಗೆ ಹೊರಟಿತೋ ಹಾಗೆಯೇ ಬಹರೈನಿಗೆ ಮುಟ್ಟಿತು. ಅಣ್ಣುವಿನ ಕೋಣೆಯ ಏಳು ಮಂದಿಯೂ ಊರಿಗೆ ಫೋನು ಮಾಡಿ ಹೇಳಿದ್ದು ಒಂದೇ: “ಅದು, ಆ ಚೈತಾಲಿ ಬರೆದದ್ದು ಉಂಟಲ್ಲ, ಹಾಗೆ ಮಾಡಿಸಿ ಕಳಿಸಿ.”

ಮುಂದಿನದ್ದು ಊರಿಗೇ ಗೊತ್ತು. ಒಣಮೀನಿನ ಕಟ್ಟೊಂದರ ಮೇಲೆ ಬೆಕ್ಕು ಮೂರು ದಿನ ಮಲಗಿ, ಇದು ಪುಸ್ತಕದ ಪೆಟ್ಟಿಗೆ ಎಂದುಕೊಂಡು ಎದ್ದು ಹೋಯಿತಂತೆ. ಯಾವುದೋ ವಿಮಾನ ನಿಲ್ದಾಣದಲ್ಲಿ ವಾಸನೆ ಹಿಡಿಯುವ ನಾಯಿ ಚೈತಾಲಿ ಕಟ್ಟನ್ನು ಮೂರು ಸುತ್ತು ಮೂಸಿ, ತನ್ನ ಮೂಗಿನ ಮೇಲೆಯೇ ನಂಬಿಕೆ ಕಳೆದುಕೊಂಡು, ಸ್ವಯಂ ನಿವೃತ್ತಿ ತೆಗೆದುಕೊಂಡಿತಂತೆ. ಅಣ್ಣುವೂ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದರು. ನಾಯಿಯ ಹಾಗೆ ಬೇಸರದಿಂದಲ್ಲ, ಅಂಗಡಿಯಲ್ಲಿ ಚೀಟಿ ಬರೆಯಲು ಜನ ಸಾಲದೆ. ಗದಗ ಕಡೆಯಿಂದ ಕೆಲಸ ಹುಡುಕಿ ಬಂದ ಭಾಗವ್ವ ಹಾಳೆ ನೆನೆಸುವ ಕೆಲಸಕ್ಕೆ ಸೇರಿ, ಎಂಟು ವರ್ಷದಲ್ಲಿ ಗಂಟು ಹಾಕುವಷ್ಟು ದೊಡ್ಡವಳಾದಳು.

ಜನರ ಬಾಯಲ್ಲಿ ಹೆಸರು ಮೆಲ್ಲಗೆ ಕೆಲಸವಾಯಿತು. “ಚೈತಾಲಿ ಮಾಡಿಸಿದ್ರಾ?” “ಇನ್ನೂ ಇಲ್ಲ, ಸಂಜೆ ಚೈತಾಲಿ ಮಾಡಿಸಬೇಕು.” ಮೀನಿಗೆ ಇದ್ದ ಮಾತು ಮದುವೆಯ ಸೀರೆಗೆ ಹತ್ತಿತು, ಮನೆ ಬದಲಾಯಿಸುವಾಗ ಪಾತ್ರೆಗೆ ಹತ್ತಿತು, ಮಳೆಗಾಲದಲ್ಲಿ ಬೈಕಿಗೆ ಹೊದಿಸುವ ಟಾರ್ಪಾಲಿಗೂ ಹತ್ತಿತು. ಇದೆಲ್ಲದರ ಪೆಟ್ಟು ತಿಂದವಳು ನಿಜವಾದ ಚೈತಾಲಿ. ಫಿಸಿಯೋಥೆರಪಿ ಕಲಿತು ಮಣಿಪಾಲದ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ಅಜ್ಜಿ ಅವಳ ಕೋಟಿನ ಮೇಲಿನ ಹೆಸರು ಓದಿದರು.

“ನಿನ್ನ ಹೆಸರು ಚೈತಾಲಿಯಾ ಮಗಾ? ಒಳ್ಳೆಯದಾಯ್ತು. ನನ್ನ ಮೊಣಕಾಲು ಒಂದು ಚೈತಾಲಿ ಮಾಡಿಬಿಡು, ಬಿಗಿಯಾಗಿ.”

ಚೈತಾಲಿ ಮನೆಗೆ ಬಂದು ತಾಯಿಯ ಹತ್ತಿರ ಜಗಳವಾಡಿದಳು. “ನಿನಗೆ ಬೇರೆ ಹೆಸರು ಸಿಗಲಿಲ್ವಾ ಅಮ್ಮಾ? ಜಗತ್ತಿನಲ್ಲಿ ಎಲ್ಲರ ಹೆಸರು ಹೆಸರು, ನನ್ನ ಹೆಸರು ಮೀನು ಕಟ್ಟುವ ಕೆಲಸ!”

“ಖುಷಿಪಡು,” ಎಂದರು ಪ್ರಫುಲ್ಲಕ್ಕ. “ನನ್ನ ಹೆಸರನ್ನು ರೇಷನ್ ಕಾರ್ಡಿನವರೂ ಸರಿಯಾಗಿ ಬರೆಯುವುದಿಲ್ಲ.”

ಸಂದರ್ಶನ ಬಂದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಉದ್ಯಾವರದ ಹೆಂಗಸೊಬ್ಬರು ಅಂಗಡಿಗೆ ನುಗ್ಗಿ, ಎಣ್ಣೆ ಕುಡಿದು ಕೆಂಪಾದ ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಕುಕ್ಕಿದರು. ಮಗನ ಸೂಟ್‌ಕೇಸು ಪೂರಾ ಹಾಳಾಗಿದೆ, ಅವನು ದೋಹಾದಿಂದ ಫೋಟೋ ಕಳಿಸಿದ್ದಾನೆ, ಇಪ್ಪತ್ತು ವರ್ಷದ ಹೆಸರು ಹೀಗೆ ಕೆಡಿಸಿಕೊಂಡಿರಲ್ಲ ಎಂದು ಶುರುಮಾಡಿದರು. ಪ್ರಫುಲ್ಲಕ್ಕ ಚೀಲವನ್ನು ತಿರುಗಿಸಿ ನೋಡಿದರು. ಗಾಳಿ ಎಳೆದು ಮುಚ್ಚುವ ಯಂತ್ರದ ಚೀಲ. ಬಂಗುಡೆಯ ಮುಳ್ಳು ತೂತು ಮಾಡಿದೆ. ಎಲೆ ಇಲ್ಲ, ಹಾಳೆ ಇಲ್ಲ, ಗಂಟು ಮೊದಲೇ ಇಲ್ಲ. ಆದರೆ ಮೇಲೆ ಬಣ್ಣದ ಅಕ್ಷರದಲ್ಲಿ ಅಚ್ಚು ಹಾಕಿದೆ: ‘ಹೈಟೆಕ್ ಚೈತಾಲಿ ಸೆಂಟರ್, ಕಾರ್ಕಳ.’

“ಇದು ನಮ್ಮದಲ್ಲ.”

“ಚೈತಾಲಿ ಅಂತ ಬರೆದದ್ದುಂಟಲ್ಲ!”

ಹೆಂಗಸು ಹೋದ ಮೇಲೆ ಪ್ರಫುಲ್ಲಕ್ಕ ಆ ಎಣ್ಣೆ ಚೀಲವನ್ನೇ ನೋಡುತ್ತ ಕುಳಿತರು. ಮಗಳ ಹೆಸರಿನ ಮೇಲಿಂದ ಮೀನಿನ ಎಣ್ಣೆ ಇಳಿಯುತ್ತಿತ್ತು.

ಅವರು ಉಡುಪಿಯ ಬಸ್ಸು ಹತ್ತಿ ವಕೀಲ ಇಮ್ಯಾನುಯೆಲ್ ಅವರ ಕಚೇರಿಗೆ ಹೋದರು. ಮಸ್ಕತ್ತಿನಲ್ಲಿರುವ ಮಗನಿಗೆ ಇಮ್ಯಾನುಯೆಲ್ ವಕೀಲರು ಹದಿನೈದು ವರ್ಷದಿಂದ ಚೈತಾಲಿಯಲ್ಲೇ ಕಟ್ಟಿಸುವವರು. ಅವರು ಕೂಡಲೇ ಹೆಸರಿನ ನೋಂದಣಿಗೆ ಅರ್ಜಿ ಹಾಕಿದರು. ಟ್ರೇಡ್ ಮಾರ್ಕ್ ಕಚೇರಿಯ ಪತ್ರಿಕೆಯಲ್ಲಿ ಅರ್ಜಿ ಪ್ರಕಟವಾಯಿತು. ಪ್ರಕಟವಾದ ಮೂರನೆಯ ತಿಂಗಳು ಕಾರ್ಕಳದ ಹೈಟೆಕ್ ಸೆಂಟರಿನ ಧಣಿ ರೋಹಿತ್ ಆಕ್ಷೇಪಣೆ ಹಾಕಿದ. ವಾದ ಒಂದೇ ಸಾಲು: ಇದು ಹೆಸರಲ್ಲ, ಊರಿನ ಮಾತು, ಊರಿನ ಮಾತು ಎಲ್ಲರ ಸೊತ್ತು.

“ಅವನು ಕೊಟ್ಟ ಸಾಕ್ಷಿ ನೋಡಿ,” ಎಂದು ವಕೀಲರು ಎರಡು ಕಾಗದ ಮುಂದಿಟ್ಟರು.

ಮೊದಲನೆಯದು ಪ್ರಫುಲ್ಲಕ್ಕನ ಅಂಗಡಿಯದೇ ಬೋರ್ಡಿನ ಫೋಟೋ. ಹತ್ತು ವರ್ಷದ ಹಿಂದೆ ಅವರೇ ನಿಂತು ಬರೆಸಿದ್ದು, ಒಂದೊಂದು ಅಕ್ಷರ ಒಂದೊಂದು ತೆಂಗಿನಕಾಯಿಯಷ್ಟು ದಪ್ಪ: ‘ಇಲ್ಲಿ ಮೀನು, ಉಪ್ಪಿನಕಾಯಿ, ಹಪ್ಪಳ ಚೈತಾಲಿ ಮಾಡಿಕೊಡಲಾಗುವುದು.’ ಎರಡನೆಯದು ಆ ಸಂದರ್ಶನ, ಅಕ್ಷರಶಃ ಬರಹಕ್ಕಿಳಿಸಿದ್ದು. ‘ಪ್ಯಾಕಿಂಗ್ ಅನ್ನುವ ಶಬ್ದವನ್ನೇ ಜನ ಮರೆತುಬಿಟ್ಟಿದ್ದಾರೆ ಮಾರಾಯ್ರೆ.’ ಮಾರಾಯ್ರೆಯನ್ನೂ ಬಿಟ್ಟಿರಲಿಲ್ಲ.

“ಇದು ನಾನು ಹೆಮ್ಮೆಯಿಂದ ಹೇಳಿದ್ದಲ್ವಾ?”

“ಅದೇ ತೊಂದರೆ. ಥರ್ಮಾಸ್ ಗೊತ್ತುಂಟಾ ನಿಮಗೆ?”

“ಗೊತ್ತುಂಟು. ಮನೆಯಲ್ಲಿ ಎರಡು ಉಂಟು.”

“ಅದು ಒಂದು ಕಂಪೆನಿಯ ಹೆಸರು. ಜನ ಕಂಡ ಕಂಡ ಫ್ಲಾಸ್ಕಿಗೆಲ್ಲ ಅದನ್ನೇ ಹೇಳಿ ಹೇಳಿ, ಕೊನೆಗೆ ಅಮೆರಿಕದ ಕೋರ್ಟು ಇದು ಎಲ್ಲರ ಶಬ್ದ ಅಂದುಬಿಟ್ಟಿತು. ಎಸ್ಕಲೇಟರ್ ಕಥೆಯೂ ಹಾಗೆಯೇ. ಜೆರಾಕ್ಸ್‌ನವರಂತೂ ನಮ್ಮ ಹೆಸರನ್ನು ಹೀಗೆ ಬಳಸಬೇಡಿ ಅಂತ ಜಾಹೀರಾತು ಹಾಕಿ ಹಾಕಿ ಸುಸ್ತಾಗಿದ್ದಾರೆ.”

“ಹೆಸರು ದೊಡ್ಡದಾಗುವುದು ತಪ್ಪಾ ವಕೀಲರೇ?”

“ದೊಡ್ಡದಾಗಲಿ ಅಕ್ಕ, ಬೇಲಿ ದಾಟಬಾರದು. ಗಿರಾಕಿಗಳು ಏನೇ ಹೇಳಲಿ, ಅಷ್ಟು ಹೆದರಿಕೆ ಇಲ್ಲ. ಅದೇ ಕೆಲಸ ಮಾಡುವ ಬೇರೆ ಅಂಗಡಿಯವರು ಹೇಳತೊಡಗಿದರೆ ಕಷ್ಟ. ಅಂಗಡಿಯ ಧಣಿಯೇ ಬೋರ್ಡಿನಲ್ಲಿ ಬರೆದರಂತೂ ನಾನೆಂತ ವಾದ ಮಾಡಲಿ? ಇವತ್ತಿನಿಂದ ‘ಚೈತಾಲಿ ಮಾಡುವುದು’ ಬಂದ್. ‘ಚೈತಾಲಿ ಬ್ರಾಂಡಿನ ಪ್ಯಾಕಿಂಗ್ ಸೇವೆ’ ಅನ್ನಬೇಕು. ನೀವೂ ಅನ್ನಬೇಕು, ನಿಮ್ಮವರೂ ಅನ್ನಬೇಕು. ಸೋತರೆ ನಾಳೆ ಯಾರು ಬೇಕಾದರೂ ಚೈತಾಲಿ ಅಂತ ಬರೆದು ಸೋರುವ ಚೀಲ ಮಾರಬಹುದು, ನೀವು ನೋಡುತ್ತ ಕೂತಿರಬೇಕಷ್ಟೆ.” ಇಷ್ಟು ಹೇಳಿ ವಕೀಲರು ಒಳಗಿನ ಗುಮಾಸ್ತರನ್ನು ಕೂಗಿದರು. “ಈ ಕಾಗದಗಳದ್ದು ಎರಡೆರಡು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ!”

ಪ್ರಫುಲ್ಲಕ್ಕ ಅವರ ಮುಖವನ್ನೇ ನೋಡಿದರು.

“ಅಭ್ಯಾಸ,” ಎಂದರು ವಕೀಲರು, ಕನ್ನಡಕ ಒರೆಸುತ್ತ.

ಮರುದಿನದಿಂದ ಕಾಪು ಪೇಟೆಯಲ್ಲಿ ನಾಲಗೆ ತಿದ್ದುವ ಕಾರ್ಯಕ್ರಮ ಆರಂಭವಾಯಿತು. ಚೈತಾಲಿ ಮಾಡಿಸುವವರು ಇಳಿಯಿರಿ ಎಂದು ಕೂಗಿದ ಬಸ್ಸಿನ ಕಂಡಕ್ಟರನನ್ನು ಪ್ರಫುಲ್ಲಕ್ಕ ಬಸ್ಸಿನೊಳಗೇ ಹತ್ತಿ ಹಿಡಿದರು. ‘ಚೈತಾಲಿ ಬ್ರಾಂಡಿನ ಪ್ಯಾಕಿಂಗ್ ಸೇವೆಯನ್ನು ಪಡೆಯುವವರು ಇಳಿಯಿರಿ’ ಎಂದು ಅವನ ಬಾಯಿಂದ ತಪ್ಪಿಲ್ಲದೆ ಹೊರಡುವಷ್ಟರಲ್ಲಿ ಏಳು ನಿಮಿಷ ಹೋಯಿತು. ಆ ಏಳು ನಿಮಿಷ ಹಿಂದಿನ ಬಸ್ಸಿಗೆ ಹತ್ತು ನಿಮಿಷವಾಗಿ, ಅದರ ಹಿಂದಿನದಕ್ಕೆ ಅರ್ಧ ಗಂಟೆಯಾಗಿ, ಸಾಯಂಕಾಲ ಮಂಗಳೂರಿನಿಂದ ಏಳಬೇಕಾದ ವಿಮಾನವೇ ಪೈಲಟ್ ಬಾರದೆ ನಿಂತಿತಂತೆ.

ಬೋರ್ಡಿಗೆ ಬಿಳಿ ಬಣ್ಣ ಬಳಿಸಿ ಹೊಸದಾಗಿ ಬರೆಸಿದರು. ಜೂನ್ ತಿಂಗಳ ಮೊದಲ ಎಂಟು ದಿನದ ಮಳೆಗೆ ಹೊಸ ಬಣ್ಣ ಗಟಾರ ಸೇರಿತು. ಹಳೆಯ ಅಕ್ಷರಗಳು ಮುಖ ತೊಳೆದುಕೊಂಡ ಹಾಗೆ ಫಳಫಳ ಹೊಳೆಯುತ್ತ ಎದ್ದು ನಿಂತವು. ಕೊನೆಗೆ ಬೋರ್ಡನ್ನೇ ಕಳಚಿ ಕೋಳಿಗೂಡಿನ ಬಾಗಿಲು ಮಾಡಿದರು. ಅಂದಿನಿಂದ ಆ ಕೋಳಿಗಳು ಮೊಟ್ಟೆಯನ್ನೂ ಎಲೆ ಸುತ್ತಿಯೇ ಇಡುತ್ತಿದ್ದವು ಎಂಬುದು ಅಣ್ಣುವಿನ ಹೇಳಿಕೆ, ಅದಕ್ಕೆ ಬೇರೆ ಸಾಕ್ಷಿ ಇಲ್ಲ.

ಭಾಗವ್ವನನ್ನು ತಿದ್ದುವುದು ಮಾತ್ರ ಆಗಲಿಲ್ಲ.

“ಅಕ್ಕಾರ, ‘ಚೈತಾಲಿ ಮಾಡ್ಲೇನ್ರಿ’ ಅಂದ್ರ ಮುಗೀತು. ನೀವ್ ಹೇಳಿದ್ದು ಅಷ್ಟುದ್ದ ನಾ ಹೇಳೂದ್ರೊಳಗ ಗಿರಾಕಿ ದುಬೈ ಮುಟ್ಟಿರ್ತಾರ.”

“ಹೇಳಬೇಕು ಭಾಗವ್ವ. ಕೋರ್ಟಿನ ಕೆಲಸ ಇದು.”

“ಹಂಗಾರ ನಾ ಬಾಯಿ ಮುಚ್ಕೊಂಡು ಕಟ್ತೀನಿ ಬಿಡ್ರಿ. ಕೈಗೇನ್ ಕೋರ್ಟ್ ಐತಿ?”

ಪ್ರಫುಲ್ಲಕ್ಕನ ನಾಲಗೆಯೂ ಅವರ ಮಾತು ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಣಿಪಾಲಕ್ಕೆ ಹೊರಟ ಮಗಳಿಗೆ, “ನೀರುದೋಸೆ ಚೈತಾಲಿ ಮಾಡಿ ಇಟ್ಟಿದ್ದೇನೆ, ಮರೆಯಬೇಡ” ಎಂದುಬಿಟ್ಟರು. ಚೈತಾಲಿ ಬಾಗಿಲಲ್ಲಿ ನಿಂತು, “ಆಕ್ಷೇಪಣೆ!” ಎಂದು ಕೂಗಿ ಓಡಿದಳು. ಅವಳಿಗೆ ಈ ಮೊಕದ್ದಮೆ ಒಳಗೊಳಗೇ ಖುಷಿ. ಸೋತರೂ ಗೆದ್ದರೂ ಯಾರಾದರೊಬ್ಬರು ತನ್ನ ಹೆಸರಿಗಾಗಿ ಹೊಡೆದಾಡುತ್ತಿದ್ದಾರಲ್ಲ!

ವಿಚಾರಣೆಗೆ ಒಂದು ವಾರ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅರುವತ್ತರ ಹೆಂಗಸೊಬ್ಬರು ಎರಡು ಬಸ್ಸು ಬದಲಿಸಿ, ಬೆವರೊರೆಸಿಕೊಳ್ಳುತ್ತ ಬಂದರು. ಕೈಚೀಲದಲ್ಲಿ ಹುರಿದ ಬಂಗುಡೆ, ಒಣಸೀಗಡಿಯ ಚಟ್ನಿ. ಮಗಳು ಶಾರ್ಜಾದಲ್ಲಿ ಬಸುರಿ, ಬಾಯಿ ರುಚಿ ಇಲ್ಲವಂತೆ.

“ಇದೊಂದು ಚೈತಾಲಿ ಮಾಡಿಕೊಡಿ ಅಕ್ಕ. ನಾಡಿದ್ದು ನಮ್ಮ ಅಳಿಯ ಹೊರಡುತ್ತಾರೆ.”

ತಿದ್ದಬೇಕೆಂದು ಪ್ರಫುಲ್ಲಕ್ಕನ ಬಾಯಿ ತೆರೆಯಿತು. ಬಿಸಿಲಲ್ಲಿ ಬಂದವರು ಎಂದು ಮುಚ್ಚಿತು. ಅಣ್ಣು ಚೀಟಿ ಪುಸ್ತಕ ತೆಗೆದು ಹೆಸರು ಕೇಳಿದರು.

“ವಿನೋದಾ. ಕಾರ್ಕಳ.”

“ಕಾರ್ಕಳದಲ್ಲಿ ಎಲ್ಲಿ?”

ಹೆಂಗಸು ಸ್ವಲ್ಪ ತಡೆದರು. “ಹೈಟೆಕ್ ಚೈತಾಲಿ ಸೆಂಟರಿನ ಹಿಂದಿನ ಮನೆ.”

ಅಣ್ಣುವಿನ ಪೆನ್ನು ನಿಂತಿತು. ಭಾಗವ್ವನ ಗಂಟು ನಿಂತಿತು. ಗೋಡೆಯ ಗಡಿಯಾರ ಹೆದರಿಕೊಂಡೇ ನಡೆಯಿತು.

“ಅಷ್ಟು ಹತ್ತಿರ ಇದ್ದು ಇಲ್ಲಿಯವರೆಗೆ ಬಂದಿರಾ?” ಎಂದರು ಪ್ರಫುಲ್ಲಕ್ಕ, ಆದಷ್ಟು ಮೆತ್ತಗೆ.

“ಎಂತ ಮಾಡುವುದು? ಆ ಸೆಂಟರು ನನ್ನ ಮಗನದ್ದೇ. ರೋಹಿತ್ ಅಂತ. ಅವನ ಮೆಷಿನಿಗೆ ನಾನು ಹೆಸರಿಡುವುದಿಲ್ಲ, ಹಪ್ಪಳಕ್ಕೆ, ಚಕ್ಕುಲಿಗೆ ಬಹಳ ಒಳ್ಳೆಯದು. ಮೀನು ಅಂದರೆ ಮುಳ್ಳು ಉಂಟಲ್ಲ? ಅಳಿಯನ ಬಟ್ಟೆ ಹಾಳಾದರೆ ಮಗಳು ಅಲ್ಲಿ ಮಾತು ಕೇಳಬೇಕು.”

“ಮಗನ ಅಂಗಡಿಯೂ ಚೈತಾಲಿಯೇ ಅಲ್ವಾ?”

“ಅದು ಬೋರ್ಡು,” ಎಂದರು ವಿನೋದಕ್ಕ. “ಚೈತಾಲಿ ಅಂದರೆ ಕಾಪುವಿನದ್ದು. ಅದು ಅವನಿಗೂ ಗೊತ್ತುಂಟು. ಅಕ್ಕ, ನಾನು ಬಂದದ್ದು ಮಾತ್ರ ಅವನಿಗೆ ಹೇಳಬೇಡಿ ಆಯ್ತಾ? ಪಾಪ, ಬೇಜಾರು ಮಾಡಿಕೊಳ್ತಾನೆ.”

“ಹೇಳುವುದಿಲ್ಲ,” ಎಂದರು ಪ್ರಫುಲ್ಲಕ್ಕ. ಆ ಕಟ್ಟನ್ನು ಭಾಗವ್ವನಿಗೆ ಬಿಡದೆ ತಾವೇ ಕಟ್ಟಿದರು. ಬಸುರಿಗೆ ಹೋಗುವುದೆಂದು ಹಾಳೆಯ ಮೇಲೆ ಒಂದು ಸುತ್ತು ಹೆಚ್ಚೇ ನಾರು ಸುತ್ತಿದರು.

ಸುದ್ದಿ ಅಣ್ಣುವಿನ ಬಾಯಿಂದ ವಕೀಲರ ಕಿವಿಗೆ ಮುಟ್ಟಿತು. ಕಚೇರಿಗೆ ಬಂದ ಪ್ರಫುಲ್ಲಕ್ಕನನ್ನು ಕಂಡು ಇಮ್ಯಾನುಯೆಲ್ ವಕೀಲರು ಕುರ್ಚಿಯಿಂದ ಹಾರಿದ ಎತ್ತರ ನೋಡಿದರೆ ಅವರ ಕಚೇರಿಯ ಫ್ಯಾನು ಇನ್ನೊಂದಡಿ ಕೆಳಗಿದ್ದಿದ್ದರೆ ಉಡುಪಿ ಒಬ್ಬ ವಕೀಲರನ್ನು ಕಳೆದುಕೊಳ್ಳುತ್ತಿತ್ತು.

“ಆ ಚೀಟಿ ಕೊಡಿ! ಎದುರು ಪಕ್ಷದ ಸ್ವಂತ ತಾಯಿ! ಚೈತಾಲಿ ಅಂದರೆ ನೀವೇ, ಬೇರೆ ಯಾರೂ ಅಲ್ಲ ಅಂತ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲುಂಟು?”

“ಕೊಡಲಿಕ್ಕಾಗುವುದಿಲ್ಲ.”

“ಯಾಕೆ?”

“ಹೇಳುವುದಿಲ್ಲ ಅಂದಿದ್ದೇನೆ.”

“ನಿಮ್ಮ ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ ಅಕ್ಕ!”

“ಹೋದರೆ ಹೋಗಲಿ. ತನ್ನದೇ ಒಂದು ಬಾಯಿ ಕಟ್ಟಲಿಕ್ಕಾಗದವಳು ಇಪ್ಪತ್ತು ವರ್ಷ ಕಟ್ಟಿದ್ದಾದರೂ ಎಂತದು?”

ಹಾಗೆಂದು ಬಂದರೇನೋ ಸರಿ. ಬಸ್ಸಿನಲ್ಲಿ ಕಾಪು ಮುಟ್ಟುವವರೆಗೂ ಸೆರಗಿನ ತುದಿಗೆ ಮಲ್ಲಿಗೆಯ ಗಂಟು ಹಾಕುತ್ತ, ಬಿಚ್ಚುತ್ತ ಕುಳಿತರು. ಉದ್ಯಾವರ ದಾಟುವಾಗ ಆ ಎಣ್ಣೆ ಚೀಲದ ನೆನಪಾಗಿ ಎರಡು ಗಂಟು ಹೆಚ್ಚೇ ಬಿದ್ದವು.

ವಿಚಾರಣೆ ವೀಡಿಯೋದಲ್ಲಿ. ವಕೀಲರ ಕಚೇರಿಯ ಕಂಪ್ಯೂಟರಿನ ಮುಂದೆ ಪ್ರಫುಲ್ಲಕ್ಕ ಮಲ್ಲಿಗೆ ಮುಡಿದು ನೆಟ್ಟಗೆ ಕುಳಿತರು. ಪಕ್ಕದಲ್ಲಿ ಇಮ್ಯಾನುಯೆಲ್ ವಕೀಲರು, ಹಿಂದೆ ರಜೆ ಹಾಕಿ ಬಂದ ಚೈತಾಲಿ. ಪರದೆಯ ಒಂದು ಚೌಕದಲ್ಲಿ ಟ್ರೇಡ್ ಮಾರ್ಕ್ ಕಚೇರಿಯ ಅಧಿಕಾರಿ, ಕನ್ನಡ ಚೆನ್ನಾಗಿ ಬಲ್ಲ ನಡುವಯಸ್ಸಿನ ಹೆಂಗಸು. ಇನ್ನೊಂದು ಚೌಕದಲ್ಲಿ ರೋಹಿತ್. ಅವನು ವಕೀಲರನ್ನು ಇಟ್ಟುಕೊಳ್ಳದೆ ತನ್ನ ಮನೆಯ ಊಟದ ಮೇಜಿನಿಂದಲೇ ಮಾತಾಡುತ್ತಿದ್ದ. ಮೇಲೆ ಕೋಟು, ಹಿಂದೆ ಅಡುಗೆಮನೆಯ ಬಾಗಿಲು.

ರೋಹಿತ್ ಚೆನ್ನಾಗಿಯೇ ಮಾತಾಡಿದ. ಬೋರ್ಡಿನ ಫೋಟೋ ತೋರಿಸಿದ. ಸಂದರ್ಶನ ಹಾಕಿದ. ಪ್ರಫುಲ್ಲಕ್ಕ ತಮ್ಮದೇ ಧ್ವನಿಯನ್ನು ಕೇಳಿ ತಲೆ ತಗ್ಗಿಸಿದರು. ಎರಡು ವರ್ಷದ ಹಿಂದೆ ಕಾಗೆ ಎಬ್ಬಿಸಿದ ಮಾತು ಈಗ ಅವರ ಎದುರಿಗೇ ಬಂದು ಕುಳಿತಿತ್ತು.

“ಅಮ್ಮಾ,” ಎಂದರು ಅಧಿಕಾರಿ, “ಇದು ನೀವೇ ಹೇಳಿದ್ದಾ?”

“ನಾನೇ ಹೇಳಿದ್ದು. ಆ ದಿನ ಸ್ವಲ್ಪ ಜಾಸ್ತಿ ಹೂ ಮುಡಿದಿದ್ದೆ.”

ಅಧಿಕಾರಿಯ ತುಟಿ ಅಲುಗಿತು. “ಹಾಗಾದರೆ ನನಗೆ ಒಂದು ಹೇಳಿ. ಚೈತಾಲಿ ಅನ್ನುವ ಹೆಸರು ಬಿಟ್ಟರೆ ಈ ಕೆಲಸಕ್ಕೆ ಬೇರೆ ಮಾತೇ ಇಲ್ಲವೆ? ಇಲ್ಲವಾದರೆ ಅವರು ಹೇಳುವುದು ಸರಿಯಾಗುತ್ತದೆ.”

ಇಮ್ಯಾನುಯೆಲ್ ವಕೀಲರು ಮೇಜಿನ ಕೆಳಗೆ ಪ್ರಫುಲ್ಲಕ್ಕನ ಕಾಲು ಒತ್ತಿದರು. ‘ಚೈತಾಲಿ ಬ್ರಾಂಡಿನ ಪ್ಯಾಕಿಂಗ್ ಸೇವೆ’ ಎಂದು ನೆನಪಿಸಲು. ಪ್ರಫುಲ್ಲಕ್ಕ ಕಾಲು ಎಳೆದುಕೊಂಡರು.

“ಉಂಟಲ್ಲ. ಕಟ್ಟುವುದು. ನಮ್ಮ ಅಜ್ಜಿಯೂ ಕಟ್ಟುತ್ತಿದ್ದರು, ನಾಳೆ ಈ ಹುಡುಗನೂ ಕಟ್ಟಬಹುದು, ನನ್ನದು ಅಡ್ಡಿ ಇಲ್ಲ. ನಾನು ಕಟ್ಟಿದರೆ ಅದು ಚೈತಾಲಿ. ಒಂದು ಮಾತು ಅವನ ಹತ್ತಿರ ಕೇಳಬಹುದಾ?”

“ಕೇಳಿ.”

ಪ್ರಫುಲ್ಲಕ್ಕ ಪರದೆಯ ಹತ್ತಿರ ಬಾಗಿದರು. ಅಲ್ಲಿ ಕಾರ್ಕಳದಲ್ಲಿ ಅವರ ಮೂಗು ಮಾತ್ರ ಕಾಣಿಸಿರಬೇಕು. “ಮಗಾ ರೋಹಿತ್, ನಿಮ್ಮ ಊರಿನವರು ‘ಚೈತಾಲಿ ಮಾಡಿಸಬೇಕು’ ಅಂತ ಹೊರಟರೆ ಯಾವ ಊರಿಗೆ ಹೋಗ್ತಾರೆ?”

ರೋಹಿತ್ ಬಾಯಿ ತೆರೆದ. ಅದೇ ಕ್ಷಣಕ್ಕೆ ಅವನ ಹಿಂದಿನ ಅಡುಗೆಮನೆಯಿಂದ ಚಹಾದ ಲೋಟ ಹಿಡಿದು ಒಬ್ಬರು ಹೊರಬಂದರು. ಮಗ ಯಾರ ಹತ್ತಿರವೋ ಫೋನಿನಲ್ಲಿ ಹರಟುತ್ತಿದ್ದಾನೆ ಎಂದುಕೊಂಡು, ಲೋಟವನ್ನು ಮೇಜಿನ ಮೇಲಿಡುತ್ತ, ಗುಟ್ಟು ಮರೆತು ಹೇಳಿದರು.

“ಕಾಪುವಿಗೆ, ಮತ್ತೆಲ್ಲಿಗೆ? ಎರಡು ಬಸ್ಸು ಹಿಡಿಯಬೇಕು. ಮೊನ್ನೆ ನಾನು ಹೋಗಲಿಲ್ವಾ...”

ವಿನೋದಕ್ಕನ ಕಣ್ಣು ಪರದೆಗೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರೋಹಿತ್ ತಾಯಿಯ ಮುಖ ನೋಡಿದ, ಚಹಾ ನೋಡಿದ, ಕೊನೆಗೆ ಪ್ರಫುಲ್ಲಕ್ಕನ ಮೂಗು ನೋಡಿದ.

“ನೀನು ಎಂತಕ್ಕೆ ಹೋದದ್ದಮ್ಮ?”

“ಬಂಗುಡೆಗೆ ಮುಳ್ಳು ಉಂಟಲ್ಲ ಮಗಾ,” ಎಂದರು ವಿನೋದಕ್ಕ, ಸೆರಗಿನ ಒಳಗಿನಿಂದಲೇ.

ಆ ಕಡೆ ಅಧಿಕಾರಿ ಬಹಳ ಹೊತ್ತು ಕಾಗದ ತಿರುವಿದರು. ಆ ಕಾಗದದಲ್ಲಿ ಏನೂ ಬರೆದಿರಲಿಲ್ಲ ಎಂದು ಚೈತಾಲಿ ಇವತ್ತಿಗೂ ಹೇಳುತ್ತಾಳೆ. ನಗು ತಡೆಯಲು ತಿರುವಿದ್ದಂತೆ. ಆಮೇಲೆ ಅವರು ರೋಹಿತನಿಗೆ ಒಂದೇ ಪ್ರಶ್ನೆ ಕೇಳಿದರು, ತಾಯಿ ಹೇಳಿದ್ದನ್ನು ಅಲ್ಲಗಳೆಯುವುದುಂಟೆ ಎಂದು. ಅವನು ಇಲ್ಲವೆಂದು ತಲೆಯಾಡಿಸಿ, ಚಹಾ ಕುಡಿದ. ತಾಯಿಯನ್ನು ಸುಳ್ಳುಗಾರ್ತಿ ಎನ್ನುವಷ್ಟು ಹೈಟೆಕ್ ಆಗಿರಲಿಲ್ಲ ಅವನು.

ಮೂರು ವಾರದಲ್ಲಿ ಅವನು ಆಕ್ಷೇಪಣೆಯನ್ನು ವಾಪಸು ತೆಗೆದುಕೊಂಡ. ಅದನ್ನು ಹೇಳಲು ಅವನೇ ಕಾಪುವಿಗೆ ಬಂದಿದ್ದ, ಎರಡು ಬಸ್ಸು ಹಿಡಿದು. ಪ್ರಫುಲ್ಲಕ್ಕ ಅವನಿಗೆ ನೀರುದೋಸೆ ಕೊಟ್ಟರು, ಕಟ್ಟದೆ, ತಟ್ಟೆಯಲ್ಲಿಯೇ. ಇಂದು ಕಾರ್ಕಳದ ಬೋರ್ಡಿನಲ್ಲಿ ‘ವಿನೋದಾ ಪ್ಯಾಕಿಂಗ್ಸ್’ ಎಂದಿದೆ. ಹಪ್ಪಳ, ಚಕ್ಕುಲಿ, ಮಸಾಲೆ ಪುಡಿಯ ಗಿರಾಕಿಗಳನ್ನು ಪ್ರಫುಲ್ಲಕ್ಕ ಅಲ್ಲಿಗೇ ಕಳಿಸುತ್ತಾರೆ. ಮುಳ್ಳಿರುವುದೆಲ್ಲ ಕಾಪುವಿಗೆ ಬರುತ್ತದೆ.

ಜನರ ಬಾಯಿ ಮಾತ್ರ ಬದಲಾಗಲಿಲ್ಲ. ಬದಲಾಗಬೇಕಾದ್ದೂ ಇಲ್ಲ ಎಂದು ವಕೀಲರೇ ಹೇಳಿದ್ದಾರೆ. ಬೋರ್ಡು, ಚೀಟಿ, ಮೈಕು ಈ ಮೂರರಲ್ಲಿ ಪ್ರಫುಲ್ಲಕ್ಕ ಜಾಗ್ರತೆ ಇಟ್ಟರೆ ಸಾಕು. ಮೈಕಿನವರು ಮೊನ್ನೆ ಮತ್ತೆ ಬಂದಿದ್ದರು. ಪ್ರಫುಲ್ಲಕ್ಕ ಅವರಿಗೆ ಚಹಾ ಕೊಟ್ಟು, ಹವೆಯ ವಿಷಯ ಮಾತಾಡಿ ಕಳಿಸಿದರು. ಭಾಗವ್ವ ಈಗಲೂ ಗಿರಾಕಿ ಬಂದ ಕೂಡಲೇ “ಚೈತಾಲಿ ಮಾಡ್ಲೇನ್ರಿ?” ಎನ್ನುತ್ತಾಳೆ; ಪ್ರಫುಲ್ಲಕ್ಕನ ಕಣ್ಣು ಕಂಡರೆ “ಬ್ರಾಂಡ್ ರೀ, ಬ್ರಾಂಡ್” ಎಂದು ಕೊನೆಗೆ ಸೇರಿಸುತ್ತಾಳೆ.

ಹೆಸರಿನ ನೋಂದಣಿಯ ಪ್ರಮಾಣಪತ್ರ ಬಂದದ್ದು ಒಂದು ಶನಿವಾರ. ಮರುದಿನ ಬೆಳಿಗ್ಗೆ ಮಗಳು ಅದನ್ನು ಅಂಗಡಿಯ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದಳು. ಅಣ್ಣು ಫ್ರೇಮಿನ ಅಳತೆ ತೆಗೆಯುತ್ತಿದ್ದರು. ಪ್ರಫುಲ್ಲಕ್ಕನ ಮಡಿಲಲ್ಲಿ ಕುವೈತಿಗೆ ಹೋಗುವ ಒಂದು ಕಟ್ಟು, ಹಲ್ಲಿನಲ್ಲಿ ಬಾಳೆನಾರಿನ ತುದಿ.

“ಅಮ್ಮಾ, ಇದರಲ್ಲಿ ಎಂತ ಬರೆದಿದ್ದಾರೆ ನೋಡು,” ಎಂದಳು ಚೈತಾಲಿ. “‘ಚೈತಾಲಿ’ ಅನ್ನುವ ಹೆಸರಿನ ಹಕ್ಕು ಪ್ರಫುಲ್ಲಾ ಅನ್ನುವವರದ್ದಂತೆ. ನನ್ನ ಹೆಸರನ್ನು ನೀನು ಸರಕಾರದ ಸೀಲು ಹಾಕಿಸಿ ನಿನ್ನ ಸೊತ್ತು ಮಾಡಿಕೊಂಡೆ. ಇನ್ನು ನಾಳೆ ಕ್ಲಿನಿಕ್ಕಿನಲ್ಲಿ ನಾನು ಸಹಿ ಹಾಕಬೇಕಾದರೆ ನಿನ್ನ ಅಪ್ಪಣೆ ಕೇಳಬೇಕಾ?”

ಪ್ರಫುಲ್ಲಕ್ಕ ತಲೆ ಎತ್ತಲಿಲ್ಲ. ಹಲ್ಲಿನಿಂದ ನಾರು ಬಿಡಿಸಿ, ಒಂದು ಸುತ್ತು ಸುತ್ತಿ, ಮಲ್ಲಿಗೆಯ ಗಂಟನ್ನು ಎಳೆದು ಬಿಗಿದರು.

“ಇಪ್ಪತ್ತಾರು ವರ್ಷದಿಂದ ಬಾಡಿಗೆ ಇಲ್ಲದೆ ಇಟ್ಟುಕೊಂಡಿದ್ದೀಯಲ್ಲ, ಹಾಗೆಯೇ ಇಟ್ಟುಕೋ. ಸೋರದ ಹಾಗೆ ನೋಡಿಕೊಂಡರೆ ಸಾಕು.”